ಪೆಟ್ರೋಲಿನ ವಾಸನೆ, ಡೀಸೆಲಿನ ಸದ್ದು

೧೧ ಜೂನ್ ೧೯೯೫, ರವಿವಾರ

ಮಳೆ ಇನ್ನೂ ಬಿದ್ದಿಲ್ಲ. ಉಮರಗಾ ಕಡೆಯಿಂದ ಮೋಡ ಎದ್ದು ಬರುತ್ತದೆ. ನಮ್ಮ ಹೊಸ ಊರಿನ ಮೇಲೆ ಸ್ವಲ್ಪ ಹೊತ್ತು ನಿಂತು, ಏನೋ ಮರೆತವರ ಹಾಗೆ ಸುತ್ತ ನೋಡಿ, ನಿಲಂಗಾ ಕಡೆಗೆ ಹೊರಟುಹೋಗುತ್ತದೆ.

ಇವತ್ತು ಯೋಗಿತಾಬಾಯಿ ಬಂದಿದ್ದರು. ತೊಂಬತ್ತಮೂರರ ಭೂಕಂಪದ ನಂತರ ಈ ಭಾಗದಲ್ಲಿ ದವಾಖಾನೆ ನಡೆಸುತ್ತಿರುವ ಸಂಸ್ಥೆಯವರು. ನಾನು ಅವರ ನರ್ಸು. ಸುತ್ತಲ ಊರುಗಳಿಗೆ ನಡೆದು ಹೋಗುತ್ತೇನೆ, ಇಲ್ಲವೆ ಯಾರದಾದರೂ ಬಂಡಿ ಹತ್ತುತ್ತೇನೆ. ಮಳೆಗಾಲದಲ್ಲಿ ಈ ಕರಿಮಣ್ಣು ಮೊದಲು ಚಪ್ಪಲಿ ನುಂಗುತ್ತದೆ, ಆಮೇಲೆ ಬಂಡಿಯ ಗಾಲಿ. ಹೋದ ವರ್ಷ ಹೆರಿಗೆ ನೋವು ತಿನ್ನುತ್ತಿದ್ದವಳೊಬ್ಬಳನ್ನು ಹೊರಸಿನ ಮೇಲೆ ಹೊತ್ತು ನಿಲಂಗಾದ ಡಾಂಬರು ರಸ್ತೆ ಮುಟ್ಟಿಸುವಷ್ಟರಲ್ಲಿ ಕೂಸು ಉಳಿದಿರಲಿಲ್ಲ.

ಅದಕ್ಕೇ ಸಂಸ್ಥೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪೊಂದನ್ನು ತಂದಿದೆ. ನಾಲ್ಕೂ ಗಾಲಿಗೆ ಇಂಜಿನಿನ ಬಲ ಹೋಗುವಂಥದು. ಮೈ ಗಟ್ಟಿಯಾಗಿದೆ, ಇಂಜಿನು ಸತ್ತಿದೆ. ಉದಗೀರದ ನಾಗನಾಥ ಮಿಸ್ತ್ರಿಯ ಗ್ಯಾರೇಜಿನಲ್ಲಿ ನಿಂತಿದೆಯಂತೆ. ಅವನ ಹತ್ತಿರ ಎರಡು ಇಂಜಿನುಗಳಿವೆ, ಒಂದು ಪೆಟ್ರೋಲಿನದು, ಒಂದು ಡೀಸೆಲಿನದು. ಯಾವುದನ್ನು ಕೂರಿಸಬೇಕು? ಅದರಲ್ಲಿ ದಿನಾ ಓಡಾಡುವವರು ನೀವು, ನೀವೇ ಗಂಡ ಹೆಂಡತಿ ವಿಚಾರ ಮಾಡಿ ಹೇಳಿ ಎಂದರು ಯೋಗಿತಾಬಾಯಿ. ಓಡಿಸುವವರು ನಮ್ಮವರು, ಉಮಾಕಾಂತ.

ಇವರು ಹಳೆ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಆ ದಿನದ ಮೇಲೆ ಗಿರಣಿ ಇಲ್ಲ. ಮಾತೂ ಹೆಚ್ಚುಕಡಿಮೆ ಇಲ್ಲ. ಇವತ್ತು ಮಾತ್ರ ನಾನು ಬಾಯಿ ತೆರೆಯುವ ಮೊದಲೇ, "ಡೀಸೆಲ್" ಎಂದರು. ನಾನು "ಪೆಟ್ರೋಲ್" ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಹಳ ದಿನವಾಗಿತ್ತು ಹಾಗೆ ನೋಡಿ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತೇನೆ. ಭಾಲ್ಕಿಯ ಶಾಲೆ ಕೊಟ್ಟ ಅಕ್ಷರ. ಈ ಮನೆಯಲ್ಲಿ ಮಾತು ಕನ್ನಡವಾದರೂ ಓದುವುದೆಲ್ಲ ಮರಾಠಿ. ಹಾಗಾಗಿ ಬರೆದದ್ದು ನನ್ನದಾಗಿಯೇ ಉಳಿಯುತ್ತದೆ.

೧೮ ಜೂನ್, ರವಿವಾರ

ಉದಗೀರಕ್ಕೆ ಹೋಗಿ ಬಂದೆವು. ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಾಗನಾಥನ ಗ್ಯಾರೇಜು. ಬೇವಿನ ಮರದ ಕೆಳಗೆ ಜೀಪು ನಿಂತಿತ್ತು. ಬಾನೆಟ್ಟು ತೆರೆದಿತ್ತು, ಒಳಗೆ ಏನೂ ಇರಲಿಲ್ಲ, ಬೇವಿನ ಹಣ್ಣು ಉದುರಿಬಿದ್ದಿದ್ದವು ಅಷ್ಟೆ. ಗಂಡಸರು ಮಾತಾಡುವಾಗ ನಾನು ಹತ್ತಿ ಕೂತೆ. ಸೀಟು ಬಿಸಿಲಿಗೆ ಬೆಚ್ಚಗಿತ್ತು. ಇಂಜಿನಿಲ್ಲದ ಗಾಡಿಯಲ್ಲಿ ಕೂತರೆ ಎಲ್ಲಿಗೂ ಹೋಗದೆ ಬಹಳ ದೂರ ಹೋದಂತೆ ಅನ್ನಿಸುತ್ತದೆ. ಕಣ್ಣು ಮುಚ್ಚಿದರೆ ಮುಂದೆ ಬಯಲು, ಬಯಲಿನಾಚೆ ಇನ್ನೊಂದು ಬಯಲು.

ನಾಗನಾಥ ಎರಡೂ ಇಂಜಿನುಗಳನ್ನು ಕಬ್ಬಿಣದ ಚೌಕಟ್ಟಿನ ಮೇಲಿಟ್ಟು ಒಂದೊಂದಾಗಿ ಓಡಿಸಿ ತೋರಿಸಿದ. ಪೆಟ್ರೋಲಿನದು ಹೊಲಿಗೆ ಯಂತ್ರದ ಹಾಗೆ ಸಣ್ಣಗೆ ಓಡಿತು. ಡೀಸೆಲಿನದು ಮೊದಲು ಕೆಮ್ಮಿತು. ಆಮೇಲೆ ನೆಲವೇ ನಡುಗಲು ಶುರುವಾಯಿತು. ಬಾಕಿನ ಮೇಲಿದ್ದ ಚಹಾದ ಕಪ್ಪು ತನ್ನಷ್ಟಕ್ಕೆ ತಾನು ಅಂಚಿಗೆ ಸರಿಯುತ್ತ ಬಂತು. ಅಂಗಾಲಿನಿಂದ ಆ ನಡುಕ ಮೇಲೆ ಹತ್ತುತ್ತಿದ್ದಂತೆ ನಾನು ಎದ್ದು ರಸ್ತೆಗೆ ಬಂದು ನಿಂತೆ.

ಭೂಕಂಪದ ಆ ಬೆಳಗಿನ ಜಾವ ನಾನು ಪಕ್ಕದ ಊರಿನಲ್ಲಿ ಹೆರಿಗೆಗೆ ಹೋಗಿದ್ದೆ. ಆ ಮನೆ ನಡುಗಿತು, ಬೀಳಲಿಲ್ಲ. ನಮ್ಮ ಮನೆ ಬಿತ್ತು. ಇವರನ್ನೂ ಅತ್ತೆಯವರನ್ನೂ ಕಲ್ಲಿನಡಿಯಿಂದ ಜೀವಂತ ತೆಗೆದರು. ನಮ್ಮ ಮಗನನ್ನು ತೆಗೆದಾಗ ಅವನು ಇರಲಿಲ್ಲ. ಒಳಗೆ ಏನಾಯಿತು ಎಂದು ನಾನು ಇವರನ್ನು ಕೇಳಿಲ್ಲ. ಇವರೂ ಹೇಳಿಲ್ಲ.

ತಿರುಗಿ ನೋಡಿದರೆ ಇವರು ಆ ಡೀಸೆಲ್ ಇಂಜಿನಿನ ಮೇಲೆ ಅಂಗೈ ಊರಿ ನಿಂತಿದ್ದರು, ಎಮ್ಮೆಯ ಬೆನ್ನಿನ ಮೇಲೆ ಕೈಯಿಡುವ ಹಾಗೆ.

ಕೊನೆಗೆ ಪೆಟ್ರೋಲೇ ಎಂದಾಯಿತು. ಮಳೆಗಾಲ ಓಡಿಸಿ ನೋಡಿ, ಹೊಂದಲಿಲ್ಲ ಅಂದರೆ ದೀಪಾವಳಿಯೊಳಗೆ ಬದಲಿಸಿಕೊಡುತ್ತೇನೆ ಎಂದ ನಾಗನಾಥ.

೨ ಜುಲೈ, ರವಿವಾರ

ಜೀಪು ಬಂತು. ಬಿಳಿ ಬಣ್ಣ ಬಳಿದಿದ್ದಾರೆ. ಹಿಂದೆ ಒಬ್ಬರು ಮಲಗುವಷ್ಟು ಹಲಗೆ, ಮೇಲೆ ಗಾದಿ. ಇವರು ನನ್ನನ್ನು ಕೂರಿಸಿಕೊಂಡು ಬಿತ್ತಿದ ಹೊಲಗಳ ನಡುವಿನ ಕಚ್ಚಾ ದಾರಿಯಲ್ಲಿ ಓಡಿಸಿದರು. ಸದ್ದೇ ಇಲ್ಲ. ಹೆಸರು, ಉದ್ದು ಮೊಳೆತಿವೆ. ಎರಡೂ ಕಡೆ ಹಸಿರು ಗೆರೆಗಳು ತಿರುಗುತ್ತ ತಿರುಗುತ್ತ ಹಿಂದೆ ಸರಿಯುತ್ತಿದ್ದವು. ನಾವು ಓಡುತ್ತಿದ್ದೇವೋ ಭೂಮಿ ಓಡುತ್ತಿದೆಯೋ ತಿಳಿಯಲಿಲ್ಲ.

"ಹೆಂಗದ?" ಎಂದರು.

ಚಂದ ಇದೆ ಎಂದೆ. ಬಲ ಸಾಲದು ಎಂದರು ಇವರು. ರಾಡಿ ಬಿದ್ದ ಮೇಲೆ ತಿಳಿಯುತ್ತದೆ ಎಂದರು.

೧೬ ಜುಲೈ

ಊಟಕ್ಕೆ ಕೂತರೆ ಇದೇ ಮಾತು. ಡೀಸೆಲ್ ಪ್ರತಿ ಊರಿನಲ್ಲೂ ನೀರಿನ ಪಂಪಿನ ಮನೆಯ ಬ್ಯಾರೆಲ್ಲಿನಲ್ಲಿ ಸಿಗುತ್ತದೆ, ಪೆಟ್ರೋಲಿಗೆ ನಿಲಂಗಾಕ್ಕೋ ಉಮರಗಾಕ್ಕೋ ಓಡಬೇಕು ಎನ್ನುತ್ತಾರೆ ಇವರು. ಪೆಟ್ರೋಲ್ ಗಾಡಿ ಕೀಲಿ ತಿರುವಿದರೆ ಹೊರಡುತ್ತದೆ, ಚಳಿಯಲ್ಲಿ ಡೀಸೆಲ್ ಬಿಸಿಯಾಗುವವರೆಗೆ ಬಸುರಿ ಕಾಯಬೇಕೇನು ಎನ್ನುತ್ತೇನೆ ನಾನು. ಡೀಸೆಲ್ ತೂಕದ ಇಂಜಿನು, ಮೂತಿ ಮಣ್ಣಲ್ಲಿ ಹೂತುಕೊಳ್ಳುತ್ತದೆ ಎಂದೂ ಹೇಳಿದೆ. ಅದನ್ನು ನಾಗನಾಥನಿಂದ ಕೇಳಿ ಇಟ್ಟುಕೊಂಡಿದ್ದೆ. ಇವರು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದರು.

ಇವತ್ತು ಬಹಳ ಜೋರಾಗಿ ವಾದ ಮಾಡಿದೆವೇನೋ. ಅತ್ತೆಗೆ ಬೇಸರವಾಗಿರಬೇಕು ಎಂದು ಸುಮ್ಮನಾದೆ. ಅವರು ಚಟ್ನಿ ಬಡಿಸುತ್ತ, "ಯಾಕ ನಿಂದರಿಸಿದ್ರಿ? ಈ ಮನ್ಯಾಗ ಬಾಂಡಿ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳನೇ ಇರಲಿಲ್ಲ. ಆಡ್ರಿ" ಎಂದರು. ಅವರ ಮಾತಿನ ಅರ್ಥ ನನಗೆ ಆಗಲಿಲ್ಲ. ಜಗಳ ಯಾರಿಗಾದರೂ ಹಿಡಿಸುತ್ತದೆಯೇ?

೬ ಆಗಸ್ಟ್, ರವಿವಾರ

ಬಿಡದೆ ಮಳೆ.

ಸರಕಾರ ಕೊಟ್ಟ ಹೊಸ ಮನೆ ಹಿಂದೆ ನಿಂತಿದೆ, ಸಾಲಿನಲ್ಲಿ ಎಲ್ಲರದರ ಹಾಗೆ. ಅದರ ತಲೆಯ ಮೇಲೆ ಸ್ಲ್ಯಾಬಿದೆ ಎಂದು ನಾವು ಮುಂದಿನ ತಗಡಿನ ಶೆಡ್ಡಿನಲ್ಲೇ ಇದ್ದೇವೆ. ಮನೆಯೊಳಗೆ ಜೋಳದ ಚೀಲ, ಕಟ್ಟಿಗೆ, ಹಳೆಯ ಬಂಡಿಯ ಗಾಲಿ. ಅತ್ತೆಗೆ ವಯಸ್ಸಿನ ಧೈರ್ಯ, ಮಧ್ಯಾಹ್ನ ಹೋಗಿ ಒಳಗೆ ಅಡ್ಡಾಗುತ್ತಾರೆ. ನಾನು ಹೋಗುವುದಿಲ್ಲ.

ಇವರ ಮೂಲೆಯ ತಗಡು ಸೋರುತ್ತದೆ. ಹಾಸಿಗೆ ನೆನೆಯಿತು ಎಂದು ನನ್ನ ಕಡೆಗೆ ಎಳೆದುಕೊಂಡರು. ತಗಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಮಾತಾಡಬೇಕಾದರೆ ಕಿವಿಯ ಹತ್ತಿರವೇ ಬರಬೇಕು. ಗಿರಣಿಯ ಕಥೆ ಹೇಳಿದರು. ಮೊದಲ ದಿನ ಜೋಳ ಬೀಸಿದಾಗ ಹಿಟ್ಟು ಬಿಸಿಯಾಗಿ ಬಂದದ್ದು, ಅದನ್ನು ಸುಮ್ಮನೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತದ್ದು. ಡೀಸೆಲಿನ ಬಗ್ಗೆ ಮತ್ತೆ ವಾದ ಶುರು ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ.

೨೦ ಆಗಸ್ಟ್

ದೇವಣಿಯ ಕಡೆ ಲಸಿಕೆ ಹಾಕಿ ಬಂದೆವು. ದಾರಿಯಲ್ಲಿ ದೇವಣಿ ಎತ್ತಿನ ಜೋಡಿಯೊಂದು ನಿಂತಿತ್ತು, ಕಪ್ಪು ಬಿಳುಪಿನ ಮೈ, ಜೋತ ಕಿವಿ. ಹತ್ತಿರ ಹೋದರೂ ಹೆದರಲಿಲ್ಲ. ಇವರು ಜೀಪು ನಿಲ್ಲಿಸಿದರು. ಎತ್ತುಗಳು ನಮ್ಮನ್ನು ನೋಡಿದವು, ನಾವು ಅವುಗಳನ್ನು. ಯಾರಿಗೂ ಅವಸರವಿರಲಿಲ್ಲ.

೧೦ ಸೆಪ್ಟೆಂಬರ್, ರವಿವಾರ

ಈ ಪೆಟ್ರೋಲಿನ ವಾಸನೆ ಏನಾಯಿತೋ. ಮೊದಲು ಇಷ್ಟು ಇರಲಿಲ್ಲ. ಎಲ್ಲೋ ಸೋರುತ್ತಿದೆ ಎಂದು ಇವರಿಗೆ ಹೇಳಿದೆ. ಪೈಪು, ಪೆಟ್ರೋಲಿನ ಟಾಕಿ, ಕಾರ್ಬುರೇಟರು ಎಲ್ಲ ಬಿಚ್ಚಿ ನೋಡಿದರು. ಹನಿಯೂ ಸೋರುತ್ತಿಲ್ಲ ಎಂದರು. ಜೀಪು ಹತ್ತಿದೊಡನೆ ಗಂಟಲಿಗೆ ಬರುತ್ತದೆ. ನಿನ್ನೆ ಎರಡು ಕಡೆ ನಿಲ್ಲಿಸಲು ಹೇಳಿ ಇಳಿದೆ. ಇವತ್ತು ಬೆಳಿಗ್ಗೆ ಬರೀ ಅಂಗಳದಲ್ಲಿ ಅದನ್ನು ನೋಡಿದ್ದಕ್ಕೇ ವಾಂತಿಯಾಯಿತು. ನನ್ನ ಸೀರೆಗೆ, ಕೂದಲಿಗೆ, ರೊಟ್ಟಿಗೆ ಕೂಡ ಅದೇ ವಾಸನೆ.

ಅದರ ಮೇಲೆ ನಿದ್ದೆ. ಎಲ್ಲಿ ಕೂತರಲ್ಲಿ ನಿದ್ದೆ. ಮಧ್ಯಾಹ್ನ ದವಾಖಾನೆಯಲ್ಲಿ ಗುಳಿಗೆ ಎಣಿಸುತ್ತ ಕೂತವಳಿಗೆ ಕಣ್ಣು ಹತ್ತಿತು. ಕನಸಿನಲ್ಲಿ ಜೀಪು ತೆನೆ ಬಂದ ಜೋಳದ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಗಾಲಿಗೆ ತೆನೆ ತಾಗಿ ಸರ್ ಸರ್ ಎನ್ನುತ್ತಿತ್ತು. ಓಡಿಸುವವರು ಯಾರೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

ಪೆಟ್ರೋಲಿನ ಹಬೆ ತಲೆಗೆ ಹತ್ತಿದರೆ ಹೀಗೆ ಮಂಪರು ಬರುತ್ತದೆ ಎಂದು ಎಲ್ಲೋ ಓದಿದ ನೆನಪು. ಅದೇ ಇರಬೇಕು.

೧೭ ಸೆಪ್ಟೆಂಬರ್, ರವಿವಾರ

ಮುಂಜಾನೆ ಪಕ್ಕದ ಮನೆಯ ಮಹಾದೇವಪ್ಪನವರು ಓಡಿ ಬಂದರು. ಅವರ ಸೊಸೆ ಸಪ್ನಾ ಏಳು ತಿಂಗಳ ಬಸುರಿ. ರಕ್ತ ಕಾಣಿಸಿದೆ ಎಂದರು. ನೋಡಿದೆ. ಇಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಹಲಗೆಯ ಮೇಲೆ ಮಲಗಿಸಿ, ಮಹಾದೇವಪ್ಪನವರನ್ನೂ ಹತ್ತಿಸಿಕೊಂಡು ನಿಲಂಗಾಕ್ಕೆ ಹೊರಟೆವು.

ಹಳ್ಳದಲ್ಲಿ ಮೊಣಕಾಲು ಮೀರಿ ನೀರಿತ್ತು. ಇವರು ನಾಲ್ಕು ಗಾಲಿಯ ಗೇರು ಹಾಕಿ ಮೆಲ್ಲಗೆ ಇಳಿಸಿದರು. ನಟ್ಟನಡುವೆ ಇಂಜಿನು ಎರಡು ಸಲ ಉಸಿರೆಳೆದು ನಿಂತುಬಿಟ್ಟಿತು. ಪೆಟ್ರೋಲ್ ಇಂಜಿನು ಕಿಡಿಯ ಮೇಲೆ ನಡೆಯುವುದು. ಕಿಡಿಯ ತಂತಿಗಳಿಗೆ ನೀರು ಸಿಡಿದಿತ್ತು. ಇವರು ಬಾನೆಟ್ಟಿನ ಮೇಲೆ ಹತ್ತಿ, ಟವೆಲ್ಲಿನಿಂದ ತಂತಿ ಒರೆಸಿದರು. ಟವೆಲ್ಲು ನೆನೆಯಿತು. ಅಂಗಿ ಬಿಚ್ಚಿ ಒರೆಸಿದರು. ನೀರು ಗಾಡಿಯ ನೆಲಕ್ಕೆ ಬಂತು. ಸಪ್ನಾ ನನ್ನ ಕೈ ಹಿಡಿದುಕೊಂಡು ಮೋಡ ನೋಡುತ್ತಿದ್ದಳು. ಇನ್ನೂ ಇಪ್ಪತ್ತು ತುಂಬದ ಹುಡುಗಿ.

ಮಹಾದೇವಪ್ಪನವರು ನೀರಲ್ಲಿ ನಡೆದು ದಂಡೆಗೆ ಹೋಗಿ ಯಾರದೋ ಹೊಲದಿಂದ ಎತ್ತು ಹೊಡೆದುಕೊಂಡು ಬಂದರು. ಹಗ್ಗ ಕಟ್ಟಿ ಎಳೆಸಿದೆವು. ದಂಡೆಯ ಮೇಲೆ ಗಾಳಿಗೆ ತಂತಿ ಆರಿದ ಮೇಲೆ ಅದು ಏನೂ ಆಗದ ಹಾಗೆ ಹೊರಟಿತು, ಹೊಲಿಗೆ ಯಂತ್ರದ ಹಾಗೆ.

ಸಪ್ನಾ ಉಳಿದಳು, ಕೂಸೂ ಒಳಗೆ ನೆಟ್ಟಗಿದೆ. ಎದ್ದು ಓಡಾಡಬಾರದು ಎಂದಿದ್ದಾರೆ ಡಾಕ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಅವರು ಶುರು ಮಾಡಿದ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ, ಹೊರಗೆ ಬಂದೆ. ಇವರು ಆಸ್ಪತ್ರೆಯ ಕಟ್ಟೆಯ ಮೇಲೆ ಒದ್ದೆ ಅಂಗಿ ಹಿಂಡುತ್ತಿದ್ದರು. ನಾನು ಡೀಸೆಲ್ ಅಂದಿದ್ದೆ ಎಂದು ಇವರು ಹೇಳಬಹುದಾಗಿತ್ತು. ಅಂಗಿಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಹಿಂಡಿದೆವು.

೨೦ ಸೆಪ್ಟೆಂಬರ್

ಇವತ್ತು ವಿಚಿತ್ರ. ನಾನೇ ಮಾತು ತೆಗೆದು ಡೀಸೆಲ್ ಹಾಕಿಸೋಣ ಎಂದೆ. ಇವರು ಬೇಡ ಎಂದರು. ತಂತಿಗೆ ರಬ್ಬರಿನ ಮುಚ್ಚಳ ಮಾಡಿಸುತ್ತೇನೆ, ನೀರು ತಾಗದ ಹಾಗೆ ಗ್ರೀಸು ಮೆತ್ತುತ್ತೇನೆ, ಪೆಟ್ರೋಲೇ ಇರಲಿ ಎಂದರು. ಮೂರು ತಿಂಗಳು ಡೀಸೆಲ್ ಡೀಸೆಲ್ ಎಂದವರು ಇವರೇ. ನಾನು ಹಟ ಹಿಡಿದೆ. ಇವರೂ ಹಿಡಿದರು.

ಕೊನೆಗೆ, "ನೀ ಅವತ್ತ ಗ್ಯಾರೇಜಿನಾಗ ಎದ್ದು ಹೊರಗ ಹೋದಿ. ನಾ ನೋಡೀನಿ" ಎಂದರು.

ನಾನು ಸಪ್ನಾಳ ಮಾತು ತೆಗೆದೆ. ಬರೀ ಅದೊಂದೇ ಕಾರಣವಲ್ಲ ಎಂದು ನನಗೆ ಗೊತ್ತು, ಆ ವಾಸನೆ ನನ್ನಿಂದ ಆಗುವುದಿಲ್ಲ. ಆದರೆ ವಾಸನೆಗಾಗಿ ಇಂಜಿನು ಬದಲಿಸಿ ಎಂದು ಹೇಗೆ ಹೇಳಲಿ?

೩೦ ಸೆಪ್ಟೆಂಬರ್

ಇವತ್ತಿಗೆ ಆ ದಿನವಾಗಿ ಎರಡು ವರ್ಷ. ಬರೆಯುವುದಿಲ್ಲ.

೮ ಅಕ್ಟೋಬರ್, ರವಿವಾರ

ಯೋಗಿತಾಬಾಯಿ ನನ್ನ ಮಾತೇ ಎತ್ತಿಹಿಡಿದರು. ಜೀಪು ವಾರವೆಲ್ಲ ಉದಗೀರದಲ್ಲಿತ್ತು. ಇವತ್ತು ತರಲು ಹೋದೆವು.

ನಾಗನಾಥ ಚಾಲೂ ಮಾಡಿ ಇಳಿದ. ಇವರು ಹತ್ತಿದರು. ನಾನು ಹತ್ತಲಿಲ್ಲ. ಬಾಗಿಲ ಸರಳು ಹಿಡಿದಿದ್ದೆ, ಸರಳೊಳಗೆ ಆ ನಡುಕ ಓಡಾಡುತ್ತಿತ್ತು. ಇವರು ಅವಸರ ಮಾಡಲಿಲ್ಲ. ನಾಗನಾಥನನ್ನು ಚಹಾ ತರಲು ಕಳಿಸಿದರು. ಆಮೇಲೆ, ಬೇವಿನ ಮರದ ಕೆಳಗೆ, ನಾನು ಎರಡು ವರ್ಷ ಕೇಳದೆ ಬಿಟ್ಟದ್ದನ್ನು ತಾವೇ ಹೇಳಿದರು. ಮೊದಲು ಸಪ್ಪಳ ಬಂತಂತೆ. ಯಾರೋ ಗಿರಣಿ ಚಾಲೂ ಮಾಡಿದರು ಎಂದುಕೊಂಡರಂತೆ. ಆಮೇಲೆ ಕತ್ತಲೆ. ಕಲ್ಲಿನ ನಡುವಿನಿಂದ ಮಗನ ಕೈ ಇವರ ಕೈಗೆ ಸಿಕ್ಕಿತ್ತಂತೆ. ಅದು ಬೆಚ್ಚಗಿದ್ದಷ್ಟು ಹೊತ್ತು ಹಿಡಿದುಕೊಂಡೇ ಇದ್ದರಂತೆ. ಆಮೇಲೂ.

"ಒಬ್ಬಂವಾ ಇರಲಿಲ್ಲ, ವಿದ್ಯಾ, ಅಂವಾ. ಇಷ್ಟು ನಿನಗ ಹೇಳಬೇಕಾಗಿತ್ತು."

ನಾನು ಸರಳು ಬಿಟ್ಟಿರಲಿಲ್ಲ. ಇವರು ಇಂಜಿನು ಬಂದ್ ಮಾಡಿದರು. ಮರದ ಮೇಲಿನ ಗಿಳಿಗಳ ಸದ್ದು ಕೇಳಿಸಿತು. ಮತ್ತೆ ಚಾಲೂ ಮಾಡಿದರು. ಮತ್ತೆ ಬಂದ್.

"ಇದು ಆ ಸಪ್ಪಳ ಅಲ್ಲ. ಇದನ್ನ ನಾ ಬಂದ್ ಮಾಡಬಹುದು. ನೀ ಯಾವಾಗ ಅಂದ್ರ ಅವಾಗ ಬಂದ್ ಮಾಡ್ತೀನಿ."

ಹತ್ತಿ ಕೂತೆ. ದಾರಿಯಲ್ಲಿ ಎಷ್ಟು ಸಲ ಬಂದ್ ಮಾಡಿ ಎಂದೆನೋ. ಅಷ್ಟೂ ಸಲ ರಸ್ತೆಯ ಬದಿಗೆ ನಿಲ್ಲಿಸಿದರು. ಒಂದು ಸಲವೂ ಯಾಕೆ ಎನ್ನಲಿಲ್ಲ. ನಿಲಂಗಾ ದಾಟಿದ ಮೇಲೆ ನಾನು ಹೇಳುವುದನ್ನು ಮರೆತೆ, ತೂಕಡಿಸಿದೆನಂತೆ.

ಸುಮಿತ ಎಂದು ಅವನ ಹೆಸರು. ಇಲ್ಲಿಯವರೆಗೆ ಇದರಲ್ಲಿ ಬರೆದಿರಲಿಲ್ಲ.

೨೪ ಅಕ್ಟೋಬರ್, ಮಂಗಳವಾರ

ನಿನ್ನೆ ಲಕ್ಷ್ಮೀಪೂಜೆ, ಇವತ್ತು ಬೆಳಿಗ್ಗೆ ಸೂರ್ಯಗ್ರಹಣ. ಸಪ್ನಾಳನ್ನು ಹೊರಗೆ ಬಿಡಬಾರದು ಎಂದು ಅತ್ತೆ ಅವಳನ್ನು ನಮ್ಮ ಸ್ಲ್ಯಾಬಿನ ಮನೆಗೆ ತಂದು ಕೂರಿಸಿದರು. ತಗಡಿನ ಸಂದಿನಲ್ಲಿ ಬೆಳಕು ಬೀಳುತ್ತದಂತೆ. ಆಮೇಲೆ ನನ್ನನ್ನೂ ಕರೆದರು. ನಾನು ನರ್ಸು, ಇದನ್ನೆಲ್ಲ ನಂಬುವವಳಲ್ಲ, ದವಾಖಾನೆಗೆ ಹೋಗಬೇಕು ಎಂದೆ. ಅತ್ತೆ ವಾದ ಮಾಡಲಿಲ್ಲ. ನನ್ನ ಕೈ ಹಿಡಿದು ಒಳಗೆ ಎಳೆದು, "ಆಕಿಗಿ ಒಬ್ಬಾಕಿಗಿ ಬ್ಯಾಸರ ಆಗ್ತದ, ಜೋಡಿ ಕೂಡು" ಎಂದು ಹೊರಗಿನಿಂದ ಅಗಳಿ ಹಾಕಿಕೊಂಡರು.

ಜೋಳದ ಚೀಲಗಳ ನಡುವೆ ಚಾಪೆ ಹಾಸಿಕೊಂಡು ಕೂತೆವು. ಮಗುವಿಗೆ ಏನು ಹೆಸರಿಡಬೇಕು ಎಂದು ಸಪ್ನಾ ಹೇಳುತ್ತಿದ್ದಳು. ಹೊರಗೆ ಬೆಳಕು ಹಳದಿಯಾಗಿ, ಬೂದಿಯಾಗಿ, ಬಾಗಿಲ ಕೆಳಗಿನಿಂದ ಸಣ್ಣಗೆ ಹರಿದು ಬರುತ್ತಿತ್ತು. ಹಕ್ಕಿಗಳು ಗೂಡಿಗೆ ತಿರುಗುವ ಸದ್ದು ಮಾಡಿದವು. ಒಳಗೆ ಹೊಸ ಜೋಳದ ವಾಸನೆ, ತಂಪು. ನಾನು ಚೀಲಕ್ಕೆ ಒರಗಿದೆ. ಎಚ್ಚರವಾದಾಗ ಬಾಗಿಲು ತೆರೆದಿತ್ತು, ಬಿಸಿಲು ಚಾಪೆಯವರೆಗೆ ಬಂದಿತ್ತು, ಸಪ್ನಾ ಯಾವಾಗಲೋ ಹೋಗಿದ್ದಳು. ಮೈಮೇಲೆ ಅತ್ತೆಯ ಕೌದಿ ಇತ್ತು. ಇಷ್ಟು ಒಳ್ಳೆಯ ನಿದ್ದೆ ಬಂದು ಬಹಳ ದಿನವಾಗಿತ್ತು.

ವಾಂತಿ ನಿಂತಿದೆ. ಪೆಟ್ರೋಲ್ ಹೋಯಿತು, ಅದೂ ಹೋಯಿತು. ನಾನು ಹೇಳಿದ್ದೇ ಸರಿ.

೫ ನವೆಂಬರ್, ರವಿವಾರ

ಸಪ್ನಾ ಹೆತ್ತಳು, ನಿಲಂಗಾದಲ್ಲಿ, ಹೆಣ್ಣು ಮಗು. ಹಳ್ಳದಲ್ಲಿ ಹಿಂಗಾರು ಮಳೆಯ ನೀರು ಮತ್ತೆ ಬಂದಿತ್ತು. ಡೀಸೆಲ್ ಇಂಜಿನು ಗುಡುಗುಡು ಎನ್ನುತ್ತ ಇಳಿಯಿತು, ಗುಡುಗುಡು ಎನ್ನುತ್ತ ಹತ್ತಿತು. ಕಿಡಿಯೇ ಇಲ್ಲದ್ದಕ್ಕೆ ನೀರಿನ ಭಯವಿಲ್ಲ.

ಸಂಜೆ ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಕೂಸಿನ ತೂಕ, ಕೂದಲು, ಅದು ಅತ್ತ ರೀತಿ. ಅವರು ಅವರೆಕಾಯಿ ಸುಲಿಯುತ್ತಿದ್ದರು.

"ಊರ ಮಂದಿ ನಾಡಿ ಹಿಡೀತಿ. ನಿಂದು ಯಾವಾಗ ಹಿಡೀತಿ?" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಬುಟ್ಟಿ ಎತ್ತಿಕೊಂಡು ಎದ್ದು ಹೋದರು.

ಆ ದಿನದ ಮೇಲೆ ನನ್ನ ಮೈಯ ಲೆಕ್ಕ ತಪ್ಪಿದೆ. ತಿಂಗಳುಗಟ್ಟಲೆ ಮುಟ್ಟಿಲ್ಲದೆ ಹೋಗಿದೆ, ಇಂಥ ಆಘಾತದ ಮೇಲೆ ಹಾಗಾಗುವುದು ಉಂಟು. ಇನ್ನು ಅದೆಲ್ಲ ಮುಗಿಯಿತು ಎಂದೇ ಇದ್ದೆ. ವಾಂತಿಗೆ ಪೆಟ್ರೋಲ್ ಎಂದೆ, ನಿದ್ದೆಗೂ ಪೆಟ್ರೋಲ್ ಎಂದೆ. ಶೆಡ್ಡಿನ ಬಾಗಿಲು ಹಾಕಿ, ಮಲಗಿ, ಬೇರೆ ಹೆಂಗಸರಿಗೆ ನೋಡುವ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಕೈಗೆ ತಕ್ಷಣ ತಿಳಿಯಿತು. ಬೇರೆ ಯಾರ ಹೊಟ್ಟೆಯಾಗಿದ್ದರೂ ಆಗಸ್ಟಿನದು ಎಂದು ಅಲ್ಲೇ ಹೇಳಿಬಿಡುತ್ತಿದ್ದೆ.

ಸಂತೋಷ ಎಂದು ಬರೆಯಬೇಕು. ಆಗಿದ್ದು ಹೆದರಿಕೆ. ಈ ನೆಲದ ಮೇಲೆ ಇನ್ನೊಂದು ಮಗುವನ್ನು ಮಲಗಿಸುವುದು ಹೇಗೆ? ಸುಮಿತನ ಜಾಗದಲ್ಲಿ ಎಂದು ಜನ ಅನ್ನುತ್ತಾರೆ. ಅವನ ಜಾಗ ಅವನದು.

೭ ನವೆಂಬರ್

ಇವರಿಗೆ ಇನ್ನೂ ಹೇಳಿಲ್ಲ. ಎರಡು ಸಲ ಬಾಯಿಗೆ ಬಂದು ಹೋಯಿತು.

೧೨ ನವೆಂಬರ್, ರವಿವಾರ

ಔಷಧಿ ತರಲು ಉಮರಗಾಕ್ಕೆ ಹೋಗಿದ್ದೆವು. ಹೆದ್ದಾರಿಯ ಪಂಪಿನಲ್ಲಿ ಡೀಸೆಲ್ ಹಾಕಿಸುವಾಗ ಹೇಳಿದೆ. ಯಾಕೆ ಅಲ್ಲಿ ಎಂದರೆ ನನಗೂ ಗೊತ್ತಿಲ್ಲ. ಹೈದರಾಬಾದಿನ ಲಾರಿಗಳು ಹೋಗುತ್ತಿದ್ದವು, ಇವರು ಟಾಕಿಯ ಮುಚ್ಚಳ ಕೈಯಲ್ಲಿ ಹಿಡಿದು ನಿಂತಿದ್ದರು. ಹೇಳಿಬಿಟ್ಟೆ.

ಇವರು ಮುಚ್ಚಳ ಹಾಕಿದರು. ಜೀಪಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಅಳುತ್ತಿದ್ದಾರೆ ಎಂದುಕೊಂಡು ಇಳಿದು ಹೋದೆ. ಗಾಲಿಯ ಗಾಳಿ ಬಿಡುತ್ತಿದ್ದರು. ಗಾಳಿ ಸ್ವಲ್ಪ ಕಡಿಮೆ ಮಾಡಿದರೆ ಗಾಡಿ ಕುಲುಕುವುದಿಲ್ಲವಂತೆ. ನಾಲ್ಕೂ ಗಾಲಿಗೆ ಹಾಗೇ ಮಾಡಿದರು. ಮುಖ ಎತ್ತಲಿಲ್ಲ.

ದಾರಿಯಲ್ಲಿ ಮತ್ತೆ ಪೆಟ್ರೋಲಿನ ಮಾತು ಬಂತು. ಈ ನಡುಕ ನಿನಗೆ ಒಳ್ಳೆಯದಲ್ಲ, ನಾಗನಾಥನ ಕೈಕಾಲು ಹಿಡಿದು ಬದಲಿಸುತ್ತೇನೆ ಎಂದರು. ಬೇಡ ಎಂದೆ. ಸಪ್ನಾಳ ಕೂಸು ಹಳ್ಳ ದಾಟಿದ್ದು ಇದರಲ್ಲಿ, ಮುಂದಿನ ಮಳೆಗಾಲಕ್ಕೆ ಯಾರ್ಯಾರು ಕಾದಿದ್ದಾರೋ, ನೀರಿನಲ್ಲಿ ನಿಲ್ಲದ ಇಂಜಿನು ಬೇಕು ಎಂದೆ.

"ಮತ್ತ ನಿನಗ ಅಂಜಿಕಿ?"

"ಅಂಜಿಕಿ ಅದ ರೀ. ಇರ್ಲಿ" ಎಂದೆ.

ಇಂಜಿನಿನ ವಿಚಾರ ಅಲ್ಲಿಗೆ ಮುಗಿಯಿತು. ಈಗ ಇಬ್ಬರಿಗೂ ವಾದ ಮಾಡಲು ಏನೂ ಉಳಿದಿಲ್ಲ. ಆದರೂ ಊರು ಬರುವವರೆಗೆ ಏನೇನೋ ಮಾತಾಡಿದೆವು.

೨೬ ನವೆಂಬರ್

ಇವರೂ ಅತ್ತೆಯೂ ಜೋಳದ ಚೀಲ ಶೆಡ್ಡಿಗೆ ಸಾಗಿಸಿ, ಸ್ಲ್ಯಾಬಿನ ಮನೆಗೆ ಸುಣ್ಣ ಹೊಡೆದರು. ಚಳಿ ಬಂತು, ತಗಡು ಮಂಜಿಗೆ ತಣ್ಣಗಾಗುತ್ತದೆ ಎಂದು ಹಾಸಿಗೆ ಒಳಗೆ ಹಾಕಿದ್ದೇವೆ. ಹಾಸಿಗೆ ಬಾಗಿಲ ಪಕ್ಕ. ಬಾಗಿಲು ತೆರೆದಿರುತ್ತದೆ.

೨೦ ಡಿಸೆಂಬರ್, ಬುಧವಾರ

ಉದಗೀರದ ಲೇಡಿ ಡಾಕ್ಟರರಲ್ಲಿ ತೋರಿಸಿಕೊಂಡು ಬಂದೆ. ಬೆಳಿಗ್ಗೆ ಹೊರಟಾಗ ಮಂಜು. ತೊಗರಿಯ ಹಳದಿ ಹೂವು ಮಂಜಿನೊಳಗೆ ದೀಪದ ಹಾಗೆ ಕಾಣುತ್ತಿತ್ತು. ಜೀಪು ನಿಧಾನವಾಗಿ ಹೋಯಿತು, ಎಷ್ಟು ನಿಧಾನ ಎಂದರೆ ಸೈಕಲ್ಲಿನವರು ಮುಂದೆ ಹಾಕಿ ಹೋದರು.

ಡಾಕ್ಟರರ ಹತ್ತಿರ ಹೊಸ ಯಂತ್ರವಿದೆ. ಅಂಗೈಯಗಲದ ಡಬ್ಬಿ. ಹೊಟ್ಟೆಯ ಮೇಲೆ ಇಟ್ಟರೆ ಕೂಸಿನ ಎದೆಬಡಿತ ಕೋಣೆಗೆಲ್ಲ ಕೇಳಿಸುತ್ತದೆ. ಗಂಡಸರನ್ನು ಒಳಗೆ ಬಿಡುವುದಿಲ್ಲ. ಇವರು ಹೊರಗೆ ಬಾಕಿನ ಮೇಲೆ ಕೂತಿದ್ದರು. ನಾನು ಎಷ್ಟೋ ಹೊಟ್ಟೆಗಳಿಗೆ ಕೊಳವೆ ಇಟ್ಟು ಕಿವಿ ಹಚ್ಚಿ ಕೇಳಿದವಳು. ಸುಮಿತನದನ್ನು ಕೇಳಿರಲಿಲ್ಲ, ತನ್ನ ಹೊಟ್ಟೆಗೆ ತಾನು ಕಿವಿ ಹಚ್ಚಲು ಬರುವುದಿಲ್ಲವಲ್ಲ. ಇವತ್ತು ಕೇಳಿದೆ. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಅದರೊಳಗಿನಿಂದ, ಬಹಳ ದೂರದಿಂದ ಯಾರೋ ಅವಸರದಲ್ಲಿ ನಮ್ಮ ಕಡೆಗೇ ಬರುತ್ತಿರುವ ಹಾಗೆ.

ಹೊರಗೆ ಬಂದಾಗ ಎಲ್ಲ ಸರಿಯಿದೆ ಎಂದಷ್ಟೇ ಹೇಳಿದೆ. ಇವರು ತಲೆಯಾಡಿಸಿದರು. ಊರು ದಾಟಿ, ದೇವಣಿಯ ಕಡೆಗೆ ತಿರುಗಿ, ಎರಡೂ ಕಡೆ ಹೊಲ ಬಿಟ್ಟರೆ ಏನೂ ಇಲ್ಲದ ಜಾಗಕ್ಕೆ ಬಂದ ಮೇಲೆ ಜೀಪು ಬದಿಗೆ ಹಾಕಿ ನಿಲ್ಲಿಸಿದರು.

"ಹೆಂಗಿತ್ತು ಸಪ್ಪಳ?" ಎಂದರು.

ಹೇಳಲು ಹೋದೆ. ಇವರ ಎಡಗೈ ತೆಗೆದುಕೊಂಡು ನನ್ನ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಅಂಗೈಯ ನಡುವೆ ಎರಡು ಬೆರಳಿನಿಂದ ತಟ್ಟಿ ತೋರಿಸಿದೆ, ಅಷ್ಟೇ ಬೇಗ, ಅಷ್ಟೇ ಮೆಲ್ಲಗೆ. ಇವರು ಕಣ್ಣು ಮುಚ್ಚಿಕೊಂಡರು. ನಾನು ನಿಲ್ಲಿಸಿದ ಮೇಲೂ ಅಂಗೈ ತೆರೆದೇ ಇಟ್ಟಿದ್ದರು.

"ಇನ್ನೊಮ್ಮೆ" ಎಂದರು.